ಪಡಿಗ ಎಲ್ಲಿ ಹೋಯಿತು?

ಈ ಸಂಚಿಕೆಗಾಗಿ ಶಾಲೆಯ ನೆನಪೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದಾಗ ನನ್ನ ಮನಸ್ಸಿಗೆ ಮೊದಲು ಹೊಳೆದುದು ಪ್ರಾರ್ಥನಾ ಮಂದಿರವಲ್ಲ, ಗ್ರಂಥಭಂಡಾರವೂ ಅಲ್ಲ. ಎಂಟನೆಯ ತರಗತಿಯ ಬಾಕುಗಳ ಅಡಿಭಾಗ. ವಾಚಕರು ಮನ್ನಿಸಬೇಕು. ಬಾಕಿನ ಮೇಲೆ ಹೆಸರು ಕೆತ್ತಿ ಹೋದವರನ್ನು ಹಳೆಯ ವಿದ್ಯಾರ್ಥಿಗಳು ಸಮ್ಮೇಳನದಲ್ಲಿ ನಗುನಗುತ್ತ ನೆನೆಯುತ್ತಾರೆ. ಕೆಳಗೆ ಚ್ಯೂಯಿಂಗ್ ಗಮ್ ಅಂಟಿಸಿ ಹೋದವರನ್ನು ನೆನೆಯುವವಳು ಕಸಗುಡಿಸುವ ತಾಯಿಯೊಬ್ಬಳೇ.

ಮೂರು ವರ್ಷಗಳ ಹಿಂದೆ, ಬೇಸಗೆಯ ರಜೆಯಲ್ಲಿ, ಬಣ್ಣ ಬಳಿಯಲೆಂದು ಬಾಕುಗಳನ್ನೆಲ್ಲ ತಲೆಕೆಳಗು ಮಾಡಿ ಅಂಗಳದಲ್ಲಿ ಇರಿಸಿದ್ದರು. ಹಲಗೆಯ ತುಂಬ ಬೂದು, ಬಿಳಿ, ಗುಲಾಬಿ ವರ್ಣದ ಗಂಟುಗಳು. ಸಿಡುಬೆದ್ದ ಮೈಯಂತೆ ಕಾಣುತ್ತಿತ್ತು. ಆ ತಾಯಿ ಮೊಂಡು ಚಾಕುವಿನಿಂದ ಅವನ್ನು ಒಂದೊಂದಾಗಿ ಕೆರೆಯುತ್ತ ಕುಳಿತಿದ್ದಳು. ಬಲಗೈಯ ಹೆಬ್ಬೆರಳಿಗೆ ಅರಿವೆ ಸುತ್ತಿತ್ತು. ವಿಚಾರಿಸಿದರೆ, ಚಾಕು ಜಾರಿ ಎರಡು ದಿನವಾಯಿತೆಂದಳು.

ನನಗೆ ಕೋಪ ಬಂದಿತು. ಶಾಲೆ ಆರಂಭವಾದ ಮೊದಲ ಸೋಮವಾರವೇ ಪ್ರಾರ್ಥನೆಯ ಬಳಿಕ ಶೌಚವೆಂಬ ಗುಣವನ್ನು ಕುರಿತು ಅರ್ಧ ಗಂಟೆ ಪ್ರವಚನ ಮಾಡಿದೆ. ಹುಡುಗರು ಬಹಳ ಶಾಂತರಾಗಿ ಕೇಳಿದರು. ಬಾಯಲ್ಲಿ ಅದೇ ಪದಾರ್ಥವಿದ್ದುದರಿಂದ ಅಷ್ಟು ಶಾಂತಿಯೆಂಬುದು ಶನಿವಾರ ಬಾಕುಗಳನ್ನು ಎತ್ತಿ ನೋಡಿದಾಗ ತಿಳಿಯಿತು.

ಈ ಪದಾರ್ಥದ ಮೂಲವನ್ನು ಅರಸಿ ಹೊರಟಾಗ, ಪಂಡಿತನಾದವನಿಗೆ ಸಹಜವಾಗಿ, ಮೊದಲು ಶಬ್ದವೇ ಕೈಹಿಡಿಯಿತು. ನಮ್ಮ ಹಿತ್ತಲಿನ ಚಿಕ್ಕು ಮರವುಂಟಲ್ಲ, ಅದರ ತೊಗಟೆಯನ್ನು ಕಚ್ಚು ಮಾಡಿದರೆ ಒಸರುವ ಹಾಲೇ ಪೂರ್ವದಲ್ಲಿ ಈ ಗಮ್ಮಿನ ದ್ರವ್ಯ. ಮೆಕ್ಸಿಕೊ ದೇಶದ ಮೂಲನಿವಾಸಿಗಳು ಅದನ್ನು ಅಗಿಯುತ್ತಿದ್ದರು. ಅವರ ಮಾತಿನಿಂದ ಸ್ಪ್ಯಾನಿಷಿನ 'ಚಿಕ್ಲೆ', ಅದರಿಂದ ನಮ್ಮ 'ಚಿಕ್ಕು' ಎಂದು ಹೇಳುವುದುಂಟು. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗದಿಂದೀಚೆಗೆ ಮರದ ಹಾಲಿನ ಸ್ಥಾನಕ್ಕೆ ಕೃತಕ ರಬ್ಬರು ಬಂದಿತು. ನೀರಿನಲ್ಲಿ ಕರಗದು, ಮಣ್ಣಿನಲ್ಲಿ ಸುಲಭವಾಗಿ ಕೊಳೆಯದು. ಸಕ್ಕರೆಯೂ ಸುವಾಸನೆಯೂ ಬಾಯಲ್ಲಿ ಮುಗಿದ ಮೇಲೆ ಉಳಿಯುವುದು ಈ ರಬ್ಬರೇ.

ಅನ್ಯದೇಶೀಯರು ಇದಕ್ಕೆ ಏನು ಮಾಡಿದ್ದಾರೆಂದು ಓದಿದೆ. ಸಿಂಗಾಪುರದಲ್ಲಿ ರೈಲಿನ ಬಾಗಿಲುಗಳ ಸಂವೇದಕಗಳಿಗೆ ಯಾರೋ ಗಮ್ ಅಂಟಿಸಿ ಬಾಗಿಲು ಮುಚ್ಚದಂತಾಗಿ, 1992ರ ಜನವರಿಯಿಂದ ಅದರ ಮಾರಾಟವನ್ನೇ ನಿಷೇಧಿಸಿದರು. 2004ರಲ್ಲಿ ಔಷಧೋಪಯೋಗಿಯಾದುದಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಅಮೆರಿಕದ ಸಿಯಾಟಲ್ ನಗರದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ನಾಟಕಶಾಲೆಯ ಪಕ್ಕದ ಗೋಡೆಯೊಂದಕ್ಕೆ ಜನರು ಗಮ್ ಅಂಟಿಸುತ್ತ ಬಂದು ಅದೇ ಪ್ರೇಕ್ಷಣೀಯ ಸ್ಥಳವಾಯಿತು. 2015ರ ನವೆಂಬರಿನಲ್ಲಿ ತೊಳೆದಾಗ ಸಾವಿರ ಕಿಲೋಗ್ರಾಮಿಗೂ ಮಿಗಿಲಾದ ಗಮ್ ಇಳಿಯಿತಂತೆ. ತೊಳೆದ ಬೆನ್ನಿಗೇ ಜನ ಮತ್ತೆ ಅಂಟಿಸತೊಡಗಿದರು.

ಲಂಡನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿಯ ಮಿಲೆನಿಯಂ ಸೇತುವೆಯ ಭಾವಚಿತ್ರಗಳನ್ನು ಕಳಿಸಿದ. ಬೆನ್ ವಿಲ್ಸನ್ ಎಂಬ ಕಲಾವಿದನು ನೆಲಕ್ಕೆ ಬೊಗಸೆಗಟ್ಟಲೆ ಬಿದ್ದು ಚಪ್ಪಟೆಯಾದ ಗಮ್ಮಿನ ಮೇಲೆ, ನಾಣ್ಯದಷ್ಟು ಅಗಲದಲ್ಲಿ, ಬಣ್ಣದ ಚಿತ್ರ ಬರೆಯುತ್ತಾನೆ. ಮುಖವನ್ನು ನೆಲಕ್ಕೆ ಹಚ್ಚಿ ಮಲಗಿಕೊಂಡೇ ಬರೆಯುವುದು. ತಾನು ಸಾರ್ವಜನಿಕ ಸ್ವತ್ತಿನ ಮೇಲೆ ಬರೆಯುತ್ತಿಲ್ಲ, ಜನರು ಉಗುಳಿದ ವಸ್ತುವಿನ ಮೇಲೆ ಬರೆಯುತ್ತಿದ್ದೇನೆಂಬುದು ಅವನ ವಾದ. ತರ್ಕಶಾಸ್ತ್ರ ಬಲ್ಲವರೂ ತಲೆದೂಗಬೇಕಾದ ವಾದ! ಅದೇ ನಗರದಲ್ಲಿ 2015ರಲ್ಲಿ ಸಿಗರೇಟಿನ ತುಂಡುಗಳಿಗಾಗಿ ಎರಡು ಕಂಡಿಗಳ ಪೆಟ್ಟಿಗೆಯೊಂದನ್ನು ನಿಲ್ಲಿಸಿ, ಇಬ್ಬರು ಕಾಲ್ಚೆಂಡಾಟಗಾರರಲ್ಲಿ ಯಾರು ಶ್ರೇಷ್ಠರೆಂದು ತುಂಡು ಹಾಕಿಯೇ ಮತ ನೀಡಿರೆಂದು ಬರೆದಿದ್ದರಂತೆ.

ಈ ಕಡೆಯ ಉಪಾಯ ನನಗೆ ಹಿಡಿಸಿತು. ಎಣ್ಣೆಯ ಖಾಲಿ ಡಬ್ಬಿ ಎರಡನ್ನು ತರಿಸಿ, ಒಂದಕ್ಕೆ ಪಂಪನೆಂದೂ ಮತ್ತೊಂದಕ್ಕೆ ಕುಮಾರವ್ಯಾಸನೆಂದೂ ಚೀಟಿ ಅಂಟಿಸಿ ತರಗತಿಯ ಬಾಗಿಲಲ್ಲಿ ಇರಿಸಿದೆ. ಗಮ್ಮನ್ನು ಕಾಗದದಲ್ಲಿ ಸುತ್ತಿ ಹಾಕಿದರೆ ಮಾತ್ರ ಮತ ಸಿಂಧು. ಪಂಪನು ಮೊದಲ ದಿನವೇ ಹಿಂದೆ ಬಿದ್ದನು. ನಮ್ಮ ಸೀಮೆಯ ಹುಡುಗರು ಗದುಗಿನ ನಾರಣಪ್ಪನನ್ನು ಬಿಟ್ಟುಕೊಟ್ಟಾರೆಯೇ? ಬಾಕುಗಳೇನೋ ಶುದ್ಧವಾದವು. ಆದರೆ ಹತ್ತು ದಿನಗಳಲ್ಲಿ ಗೇಟಿನ ಹೊರಗಿನ ಅಂಗಡಿಯವನು ನನಗೆ ವಿಶೇಷ ಆದರದಿಂದ ನಮಸ್ಕರಿಸತೊಡಗಿದ. ಜನ್ಮದಲ್ಲಿ ಗಮ್ ಅಗಿಯದ ಹುಡುಗರೂ ಪಂಪನನ್ನು ಗೆಲ್ಲಿಸಲು ಕೊಂಡು ಅಗಿಯುತ್ತಿದ್ದರು! ಡಬ್ಬಿಗಳನ್ನು ಗೇಟಿಗೆ ಸಾಗಿಸಿ, ಮತದಾನವನ್ನು ತಿಂಗಳಿಗೊಂದು ವಾರಕ್ಕೆ ಇಳಿಸಿದೆ. ಹಳೆಯ ಗಂಟುಗಳ ಮೇಲೆ ಅರಿವೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಐದು ನಿಮಿಷ ಒತ್ತಿ ಹಿಡಿದರೆ ಅವು ಬಿರುಸಾಗಿ, ಕಟ್ಟಿಗೆಯ ಪಟ್ಟಿಯಿಂದಲೇ ಚಿಟಿಲೆಂದು ಏಳುತ್ತವೆ. ಈ ಕೆಲಸವನ್ನು ಹುಡುಗರಿಂದಲೇ ಮಾಡಿಸಿದೆವು. ಚಾಕು ಬೇಡವಾಯಿತು.

ಇಷ್ಟಾದ ಮೇಲೆ ಹೆಮ್ಮೆಯಿಂದ ಆ ತಾಯಿಯನ್ನು ಕರೆದು ಡಬ್ಬಿಗಳನ್ನು ತೋರಿಸಿದೆ. ಅವಳು ಎರಡನ್ನೂ ಬಗ್ಗಿ ನೋಡಿದಳು.

"ಡಬ್ಬಿ ಚಲೋ ಅದಾವ್ರಿ ಗುರುಗಳ. ಸಿಟ್ಟಾಗಬ್ಯಾಡ್ರಿ, ಒಂದು ಮಾತು ಹೇಳ್ತೀನಿ. ಹುಡುಗುರು ಬಾಕಿನ ಬುಡಕ ಹಚ್ತಾವ, ನೀವು ಕಿಡಕಿಯಾಗಿಂದ ಹೊರಗ ಉಗುಳ್ತೀರಿ. ಎರಡೂ ತಿಕ್ಕಾಕಿ ನಾನ ಅಲ್ರಿ?"

ನಾನು ಉತ್ತರ ಕೊಡಲಿಲ್ಲ. ಮೂವತ್ತು ವರ್ಷಗಳಿಂದ ಎಲೆ ಅಡಿಕೆ ಹಾಕುವವನು ನಾನು. ಹೊಗೆಸೊಪ್ಪಿನ ಸಹವಾಸವಿಲ್ಲವೆಂದು, ತಾಂಬೂಲಕ್ಕೆ ಹದಿಮೂರು ಗುಣಗಳೆಂದು ಹೇಳುವ ಸುಭಾಷಿತವುಂಟೆಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತ ಬಂದವನು. (ಬರಿಯ ಅಡಿಕೆಯೂ ಬಾಯಿಗೆ ಕೇಡೆಂದು ವೈದ್ಯರು ಈಗ ಹೇಳುವುದನ್ನು ಆ ಸುಭಾಷಿತಕಾರನು ಕೇಳಿರಲಾರ.) ಅಂದು ಸಂಜೆ ಶಾಲೆಯ ಹಿಂಬದಿಗೆ ಹೋಗಿ ನೋಡಿದೆ. ಉಪಾಧ್ಯಾಯರ ಕೊಠಡಿಯ ಕಿಟಕಿಯ ಕೆಳಗೆ ಗೋಡೆ ನೆಲದವರೆಗೂ ಕೆಂಪಾಗಿತ್ತು. ಹಿಂದೊಮ್ಮೆ ಮೆಟ್ಟಿಲ ಮೂಲೆಗೆ ದೇವರ ಚಿತ್ರದ ಟೈಲ್ಸ್ ಕೂಡಿಸಿದರೆ ಯಾರೂ ಉಗುಳುವುದಿಲ್ಲವೆಂದು ಸಹೋದ್ಯೋಗಿಯೊಬ್ಬರು ಸೂಚಿಸಿದಾಗ, ನಮ್ಮ ಎಂಜಲಿಗೆ ದೇವರನ್ನು ಕಾವಲಿಡುವುದೇ ಎಂದು ಸಭೆಯಲ್ಲಿ ಗುಡುಗಿದವನೂ ನಾನೇ.

ರಾತ್ರಿ ನಿದ್ರೆ ಬಾರದೆ ಅಮರಕೋಶವನ್ನು ತಿರುವುತ್ತಿದ್ದಾಗ 'ಪತದ್ಗ್ರಹ' ಎಂಬ ಶಬ್ದ ಕಣ್ಣಿಗೆ ಬಿದ್ದಿತು. ಬೀಳುವುದನ್ನು ಹಿಡಿಯುವಂಥದು, ಎಂದರೆ ಉಗುಳುವ ಪಾತ್ರೆ. ಕನ್ನಡದಲ್ಲಿ ಅದು ಪಡಿಗ. ಎಲೆಯ ಚೀಲಕ್ಕೆ ಹಡಪವೆಂದು ಹೆಸರು. ಬಸವಣ್ಣನವರ ಹಡಪವನ್ನು ಹಿಡಿದುದೇ ಅಪ್ಪಣ್ಣನವರ ಕಾಯಕವಾಗಿದ್ದುದರಿಂದ ಆ ಶಬ್ದವನ್ನು ನಾವು ಮರೆತಿಲ್ಲ. ಹಡಪದ ಜೊತೆಗೇ ಇರುತ್ತಿದ್ದ ಪಡಿಗವನ್ನು ಮಾತ್ರ ಮರೆತೆವು. ನನ್ನ ಅಜ್ಜನ ಮಗ್ಗುಲಲ್ಲಿ ಎರಡೂ ಇರುತ್ತಿದ್ದವು. ನಾನು ಹಡಪವನ್ನು ಪ್ಲಾಸ್ಟಿಕ್ ಚೀಲವಾಗಿ ಉಳಿಸಿಕೊಂಡು, ಪಡಿಗದ ಬದಲು ಕಿಟಕಿಯನ್ನು ಬಳಸಿದೆ. ಹುಡುಗರಿಗೋ, ಗಮ್ಮಿನೊಂದಿಗೆ ಯಾರೂ ಪಡಿಗವನ್ನು ಕೊಡಲೇ ಇಲ್ಲ. ಬಾಕಿನ ಅಡಿಭಾಗ ಕೈಗೆ ಸಿಕ್ಕಿತು.

ಊರಿನ ಮನೆಯ ಅಟ್ಟದಿಂದ ಅಜ್ಜನ ಹಿತ್ತಾಳೆಯ ಪಡಿಗವನ್ನು ತಂದು ಹುಣಸೆಹಣ್ಣು ಹಚ್ಚಿ ಬೆಳಗಿದೆ. ಅದೀಗ ಶಾಲೆಯಲ್ಲಿ ನನ್ನ ಮೇಜಿನ ಕೆಳಗಿದೆ. ಸಂಜೆ ತೊಳೆಯುವವನು ನಾನೇ. ತೊಳೆಯುವ ಕೆಲಸ ನನ್ನದಾದಂದಿನಿಂದ ದಿನಕ್ಕೆ ಏಳೆಂಟು ಸಲವಿದ್ದ ತಾಂಬೂಲ ಎರಡಕ್ಕೆ ಇಳಿದಿದೆ. ಹಿಂಬದಿಯ ಗೋಡೆಗೆ ನನ್ನ ಖರ್ಚಿನಲ್ಲಿ ಎರಡು ಸಲ ಸುಣ್ಣ ಹೊಡೆಸಿದೆ. ಮಳೆ ಬಿದ್ದಾಗ ಕೆಂಪು ಇನ್ನೂ ಒಸರುತ್ತದೆ. ಆ ತಾಯಿ ಅದನ್ನು ಕಂಡರೂ ಈಗ ಏನೂ ಅನ್ನುವುದಿಲ್ಲ.

ಗೇಟಿನ ಡಬ್ಬಿಗಳು ತುಕ್ಕು ಹಿಡಿದಿವೆ. ಬರುವ ಜೂನ್ ತಿಂಗಳಿಗೆ ಮುಚ್ಚಳವುಳ್ಳ ಆರು ಹೊಸ ಡಬ್ಬಿಗಳು ಬೇಕು. ದಾನಿಗಳಲ್ಲಿ ಯಾರಾದರೂ ಕೊಡಿಸುವುದಾದರೆ, ಮುಂದಿನ ಮತದಾನಕ್ಕೆ ಯಾವ ಇಬ್ಬರು ಕವಿಗಳೆಂಬುದನ್ನು ಅವರೇ ಸೂಚಿಸಬಹುದು.