ಮಗ್ಗದ ಸದ್ದು, ಶೋ ಸದ್ದು, ಅಪ್ಪನ ಎಡಗಿವಿ

1/7
ಸ್ಟೋರಿ ಹಾಕಿದಾಗೆಲ್ಲ ನಿಮ್ಮದು ಅದೇ ಪ್ರಶ್ನೆ. "ಏನೇ ಇದು, ಮಿಕ್ಸಿ ಕೆಟ್ಟೋಗಿದ್ಯಾ?" "ಇದಕ್ಕೆ ಮುನ್ನೂರು ರೂಪಾಯಿ ಕೊಟ್ಟು ಹೋಗ್ತೀಯಾ?" ಹೌದು, ಕೊಡ್ತೀನಿ. ಹಿಂದಿನ ಬೆಂಚಿನವರೇ, ನಿಮಗೂ ಸೇರಿಸಿ ಇವತ್ತು ಪೂರ್ತಿ ಹೇಳ್ತೀನಿ. ಒಂದು ಕ್ಯಾಪ್ಷನ್ನಲ್ಲಿ ಹಿಡಿಯಲ್ಲ, ಅದಕ್ಕೇ ಏಳು ಪೋಸ್ಟ್. ಎಡಕ್ಕೆ ತಳ್ಳುತ್ತಾ ಹೋಗಿ.

ಘಾಟಿ ಅಂದ್ರೆ ನಿಮಗೆ ಗೊತ್ತಿರೋದು ನಾಗರಕಲ್ಲು, ಹುತ್ತ, ಹಿಂದೆ ಇರೋ ನರಸಿಂಹನನ್ನ ತೋರಿಸೋ ಆ ಕನ್ನಡಿ, ಬಿಟ್ರೆ ಮಾಕಳಿದುರ್ಗದ ಟ್ರೆಕ್. ಬೆಂಗಳೂರಿಂದ ಸುಮಾರು 60 ಕಿಲೋಮೀಟರ್. ನೀವು ಭಾನುವಾರ ಬೈಕಲ್ಲಿ ಬಂದು ಹೋಗ್ತೀರ. ನಮಗೆ ಅದು ಊರು. ಬೆಳಿಗ್ಗೆ ದೇವಸ್ಥಾನದ ಕರೆಂಟ್ ನಗಾರಿ, ಬೆಟ್ಟದ ಕಡೆಯಿಂದ ರೈಲಿನ ಹಾರನ್ನು, ಜಾತ್ರೆ ಟೈಮಲ್ಲಿ ಎತ್ತಿನ ಗಂಟೆ. ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್ ಮಗ್ಗ ಓಡಿಸ್ತಾರೆ. ದಿನಾ ಬಸ್ಸಲ್ಲಿ ಹೋಗಿ ಬರ್ತಾರೆ. 22 ವರ್ಷ ಆಯ್ತು.

ಈ ಕೊನೆ ಸಾಲು ನೆನಪಿಟ್ಕೊಳ್ಳಿ. ಮುಂದೆ ಬೇಕಾಗುತ್ತೆ.

2/7
ಮೊದಲನೇ ಶೋ. ಡಿಗ್ರಿ ಮೊದಲನೇ ವರ್ಷ. ಯಲಹಂಕದ ಪೀಜಿಯಲ್ಲಿದ್ದ ಗೆಳತಿ ಕರೆದಳು. ಮನೇಲಿ ಹೇಳಿದ್ದು "ಗ್ರೂಪ್ ಸ್ಟಡಿ, ರಾತ್ರಿ ಅಲ್ಲೇ ಇರ್ತೀನಿ". ಅರ್ಧ ಸುಳ್ಳು. ರಾತ್ರಿ ಅಲ್ಲೇ ಇದ್ದೆ, ಸ್ಟಡಿ ಮಾತ್ರ ಇರಲಿಲ್ಲ.

ಮೆಜೆಸ್ಟಿಕ್ಕಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಹೋದ್ವಿ. ನಾನು ಅಂದ್ಕೊಂಡಿದ್ದು ಲೈಟು, ಹೊಗೆ, ದೊಡ್ಡ ಸ್ಟೇಜು. ಸಿಕ್ಕಿದ್ದು ಒಂದು ಹಳೇ ಮನೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಚಾಪೆ ಮೇಲೆ ಕೂತ್ಕೋಬೇಕು. ನಲವತ್ತು ಜನ ಇದ್ರೆ ಹೆಚ್ಚು. ಬಾಗಿಲ ಹತ್ರ ಸ್ಟೀಲ್ ಡಬ್ಬಿಯಲ್ಲಿ ಹಳದಿ ಬಣ್ಣದ ಸಣ್ಣ ಸ್ಪಂಜು ತುಂಡುಗಳು. "ತಗೋ, ಫ್ರೀ" ಅಂದ್ರು. ನಾನು ನಕ್ಕು ಮುಂದೆ ಹೋದೆ.

ನುಡಿಸೋಕೆ ಕೂತವರ ಮುಂದೆ ವಾದ್ಯಾನೇ ಇಲ್ಲ. ಒಂದು ಮಿಕ್ಸರು, ನಾಲ್ಕು ವೈರು. ಮದುವೆ ಮನೆ ಮೈಕ್ ಸೆಟ್ಟಲ್ಲಿ ಇರುತ್ತಲ್ಲ, ಅದೇ ಮಿಕ್ಸರು. ಅದರಿಂದ ಹೊರಗೆ ಬರೋ ಸದ್ದನ್ನ ವೈರಲ್ಲಿ ವಾಪಸ್ ಅದರ ಒಳಗೇ ಕೊಟ್ಟಿದ್ರು. ಹೊರಗಿಂದ ಏನೂ ಒಳಗೆ ಹೋಗಲ್ಲ. ಮೆಷಿನ್ನು ತನ್ನ ಸದ್ದನ್ನ ತಾನೇ ತಿಂದು ತಾನೇ ಉಗುಳುತ್ತೆ. ಮೈಕು ಸ್ಪೀಕರ್ ಹತ್ರ ಹೋದ್ರೆ "ಕುಯ್ಯ್" ಅನ್ನುತ್ತಲ್ಲ, ಅದರ ಅಣ್ಣ. ಅದನ್ನ ಒಂದೊಂದೇ ತಿರುಪು ತಿರುಗಿಸಿ ಪಳಗಿಸ್ತಾರೆ.

ಮೊದಲು ಐದು ನಿಮಿಷ ನಗು ತಡ್ಕೊಂಡೆ. ಹತ್ತನೇ ನಿಮಿಷಕ್ಕೆ ಎದ್ದು ಹೋಗೋಣ ಅನ್ನಿಸ್ತು. ಆಮೇಲೆ ಆ ಗದ್ದಲದೊಳಗೆ ಒಂದು ಲೆಕ್ಕ ಕೇಳಿಸೋಕೆ ಶುರುವಾಯ್ತು. ಟಕ್ ಟಕಾ, ಟಕ್ ಟಕಾ. ನನಗೆ ಗೊತ್ತಿರೋ ಲೆಕ್ಕ ಅದು. ಎಲ್ಲಿ ಕೇಳಿದ್ದೆ ಅಂತ ಮಾತ್ರ ಅವತ್ತು ಹೊಳೀಲಿಲ್ಲ.

3/7
ಸ್ವಲ್ಪ ಇತಿಹಾಸ. ಬೋರ್ ಆದ್ರೆ ನಾಲ್ಕಕ್ಕೆ ಹೋಗಿ, ನಾನೇನೂ ಅಂದ್ಕೊಳ್ಳಲ್ಲ.

1913ರಲ್ಲಿ ಇಟಲಿಯ ಲುಯಿಜಿ ರುಸ್ಸೊಲೊ ಅನ್ನೋ ಪೇಂಟರ್ ಒಂದು ಪ್ರಣಾಳಿಕೆ ಬರೆದ. ಯಂತ್ರ, ಕಾರ್ಖಾನೆ, ರೈಲು ಬಂದ ಮೇಲೆ ಮನುಷ್ಯನ ಕಿವಿ ಬದಲಾಗಿದೆ, ಇನ್ಮೇಲೆ ಗದ್ದಲಾನೂ ಸಂಗೀತದೊಳಗೆ ಬರಬೇಕು ಅಂತ. ಬರೆದು ಸುಮ್ಮನೆ ಕೂರಲಿಲ್ಲ, ಗದ್ದಲ ಮಾಡೋ ಪೆಟ್ಟಿಗೆಗಳನ್ನೇ ಕಟ್ಟಿದ. 1952ರ ಆಗಸ್ಟ್ 29ಕ್ಕೆ ಅಮೆರಿಕದಲ್ಲಿ ಜಾನ್ ಕೇಜ್ ಇದರ ಉಲ್ಟಾ ಮಾಡಿದ. ಪಿಯಾನೋ ಮುಂದೆ ಡೇವಿಡ್ ಟ್ಯೂಡರ್ ಬಂದು ಕೂತು, 4 ನಿಮಿಷ 33 ಸೆಕೆಂಡ್ ಒಂದು ಸ್ವರಾನೂ ನುಡಿಸದೆ ಎದ್ದು ಹೋದ. ಆ ಹೊತ್ತಲ್ಲಿ ಜನಕ್ಕೆ ಏನೇನು ಕೇಳಿಸ್ತೋ ಅದೇ ಕೃತಿ.

ನಮ್ಮ ಬೆಂಗಳೂರೂ ಇದರಲ್ಲಿ ಹೊಸಬರಲ್ಲ. ಡೈಯಿಂಗ್ ಎಂಬ್ರೇಸ್ ಅನ್ನೋ ಮೆಟಲ್ ಬ್ಯಾಂಡು ತೊಂಬತ್ತರ ದಶಕದ ಶುರುವಲ್ಲೇ ಇತ್ತು. ಕ್ರಿಪ್ಟೋಸ್ 1998ರಿಂದ ಇದೆ. 2007ರ ಮಾರ್ಚಲ್ಲಿ ಐರನ್ ಮೇಡನ್ ಅರಮನೆ ಮೈದಾನದಲ್ಲಿ ನುಡಿಸಿದಾಗ ನಾವೆಲ್ಲ ಅಂಗನವಾಡಿಗೂ ಸೇರಿರಲಿಲ್ಲ. ಇಂದಿರಾನಗರದ ಹಮ್ಮಿಂಗ್ ಟ್ರೀ 2013ರಿಂದ ಎಷ್ಟೋ ಹೊಸ ಬ್ಯಾಂಡುಗಳಿಗೆ ಜಾಗ ಕೊಟ್ಟು, 2019ರಲ್ಲಿ ಬಾಗಿಲು ಹಾಕ್ತು. ಅದಕ್ಕೂ ಮುಂಚೆ 2018ರಲ್ಲಿ, ಮನರಂಜನಾ ಜಾಗಗಳಿಗೆ ಲೈಸೆನ್ಸ್ ಬೇಕು ಅನ್ನೋ 2005ರ ಆದೇಶವನ್ನ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ, ಲೈಸೆನ್ಸ್ ಇಲ್ಲದ ಪಬ್ಬುಗಳಲ್ಲಿ ಲೈವ್ ಮ್ಯೂಸಿಕ್ ನಿಂತೇ ಹೋಗಿತ್ತು.

ದೊಡ್ಡ ಜಾಗ ಸಿಗದಿದ್ರೆ ಸಣ್ಣ ಜಾಗ. ಮನೆ, ತಾರಸಿ, ಸ್ಟುಡಿಯೋ. ಶಾಂತಿನಗರದ 1ಶಾಂತಿರೋಡ್ ತರ ಕಲಾವಿದರ ಜಾಗಗಳು ಇಪ್ಪತ್ತು ವರ್ಷಕ್ಕೂ ಮೇಲೆ ಬಾಗಿಲು ತೆರೆದಿಟ್ಟಿವೆ. ಅಂಡರ್‌ಗ್ರೌಂಡ್ ಅಂದ್ರೆ ನೆಲಮಾಳಿಗೆ ಅಲ್ಲ ಮಾರಾಯ್ರೆ. ಪೋಸ್ಟರ್ ಹಾಕದೆ, ಗೊತ್ತಿದ್ದವರು ಗೊತ್ತಿದ್ದವರಿಗೆ ಹೇಳಿ ನಡೆಯೋದು ಅಷ್ಟೇ.

4/7
ಆದ್ರೆ ನಿಜ ಹೇಳ್ಲಾ? ನನ್ನ ಮೊದಲನೇ ಶೋ ಅದಲ್ಲ.

ಪುಷ್ಯ ಶುದ್ಧ ಷಷ್ಠಿಗೆ ನಮ್ಮೂರ ತೇರು. ಅದರ ಆಸುಪಾಸಲ್ಲೇ ದನಗಳ ಜಾತ್ರೆ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡ್ತಿದ್ದೆ. ತಮಟೆಯವರು ಮೊದಲು ಒಣಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸ್ತಾರೆ. ಚಳಿಗೆ ಚರ್ಮ ಸಡಿಲ ಆಗಿರುತ್ತೆ, ಕಾಯಿಸಿದ್ರೆ ಬಿಗಿ ಆಗುತ್ತೆ. ಬೆರಳಲ್ಲಿ ಒಂದು ತಟ್ಟು, ಕಿವಿ ಹತ್ರ ಹಿಡಿದು ಕೇಳ್ತಾರೆ, ಸಾಲದಿದ್ರೆ ಮತ್ತೆ ಬೆಂಕಿ. ಅದು ಟ್ಯೂನಿಂಗ್ ಅಂತ ನನಗೆ ಗೊತ್ತಾಗಿದ್ದು ಈಗ. ಆಮೇಲೆ ಹತ್ತು ತಮಟೆ ಒಟ್ಟಿಗೆ ಬಿದ್ದಾಗ ಸದ್ದು ಕಿವಿಗಲ್ಲ, ಎದೆಗೂಡಿಗೆ ಬಡಿಯೋದು. ಅಪ್ಪನ ತಲೆಗೂದಲು ಗಟ್ಟಿ ಹಿಡ್ಕೊಂಡಿರ್ತಿದ್ದೆ.

ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆಗೆ. ಯಾರ ಕೈಲಿ ತಮಟೆ ಇತ್ತೋ ಅವರನ್ನೇ ಊರಾಚೆ ಇಟ್ಟ ಊರುಗಳಲ್ಲಿ ನಾವಿದ್ದೀವಿ. ತೇರಿನ ಮುಂದೆ ಸದ್ದು ಬೇಕು, ಸದ್ದು ಮಾಡಿದವರು ಮನೆಯೊಳಗೆ ಬರೋದು ಬೇಡ. ಇದನ್ನ ಯೋಚಿಸಿದಾಗ "ಅದು ಮ್ಯೂಸಿಕ್ಕಲ್ಲ, ಬರೀ ಗದ್ದಲ" ಅನ್ನೋ ಮಾತು ಯಾರ ಬಾಯಿಂದ ಯಾರ ಮೇಲೆ ಬರುತ್ತೆ ಅಂತ ಸ್ವಲ್ಪ ಹುಷಾರಾಗಿ ಕೇಳಿಸ್ಕೊಳ್ಳೋಕೆ ಕಲಿತೆ.

5/7
ಈಗ ಸಿಕ್ಕಿಬಿದ್ದ ಕಥೆ.

ಆ ಮೊದಲ ಶೋನಲ್ಲಿ ಕೊನೆಗೆ ನುಡಿಸಿದವರು ಡ್ರಮ್ಮು, ಗಿಟಾರು ಇಟ್ಕೊಂಡು ಗೋಡೆ ನಡುಗಿಸಿಬಿಟ್ರು. ನಾನು ಕೂತಿದ್ದು ಸ್ಪೀಕರ್ ಪಕ್ಕ. ರಾತ್ರಿ 10ಕ್ಕೆ ಮುಗೀತು. ಧ್ವನಿವರ್ಧಕದ ನಿಯಮ ಅದು, 10ರಿಂದ ಬೆಳಿಗ್ಗೆ 6ರವರೆಗೆ ಹಾಕೋ ಹಾಗಿಲ್ಲ. ಹೊರಗೆ ಬಂದಾಗ ರಸ್ತೆಯೆಲ್ಲ ಹತ್ತಿಯಲ್ಲಿ ಸುತ್ತಿಟ್ಟ ಹಾಗಿತ್ತು. ಕಿವಿಯೊಳಗೆ "ಈಈಈ" ಅಂತ ಒಂದೇ ಸ್ವರ. ಮಲಗಿದ್ರೂ ಇತ್ತು, ಎದ್ರೂ ಇತ್ತು.

ಮಾರನೇ ದಿನ ಮನೆಗೆ ಬಂದೆ. ಅಪ್ಪ ಊಟಕ್ಕೆ ಕೂತಿದ್ರು. ಏನೋ ಕೇಳಿದ್ರು, ನಾನು "ಹಾಂ?" ಅಂದೆ. ಮತ್ತೆ ಕೇಳಿದ್ರು, ಮತ್ತೆ "ಹಾಂ?". ನಾನು ಮಾತಾಡೋದು ನನಗೇ ಸರಿ ಕೇಳ್ತಾ ಇರಲಿಲ್ಲವಲ್ಲ, ಕಿರುಚ್ತಾ ಇದ್ದೆ ಅನ್ಸುತ್ತೆ.

ನಮ್ಮ ಮನೇಲಿ "ಹಾಂ?" ಅನ್ನೋದು ಅಪ್ಪನ ಮಾತು. ಅಪ್ಪನಿಗೆ ಬಲಗಿವಿ ತುಂಬಾ ಕಮ್ಮಿ ಕೇಳ್ಸುತ್ತೆ. ಮಗ್ಗದ ಶೆಡ್ಡಲ್ಲಿ ಎಲ್ಲರೂ ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡೋರು. ಮನೇಲೂ ಹಾಗೇ, ಮುಖ ತೋರಿಸಿ ಮಾತಾಡಬೇಕು. ಅಮ್ಮ ಅಡುಗೆಮನೆಯಿಂದ ಕೂಗಿದ್ರೆ ಅಪ್ಪನಿಗೆ ತಲುಪಲ್ಲ. ಟೀವಿ ಸೌಂಡಿಗೆ ದಿನಾ ಜಗಳ.

ಅಪ್ಪ ತಟ್ಟೆ ಪಕ್ಕಕ್ಕಿಟ್ಟು ನನ್ನ ಮುಖಾನೇ ನೋಡಿದ್ರು. "ಯಾವ ಶೆಡ್ಡಿಗೆ ಹೋಗಿದ್ದೆಮ್ಮ?" ಅಂದ್ರು.

ಹೇಳಿಬಿಟ್ಟೆ. ಎಲ್ಲಾ. ಸ್ಟಡಿ ಇಲ್ಲ, ಪೀಜಿ ಹೌದು, ಶೋ ಹೌದು. ಅಮ್ಮ ಸರಿಯಾಗಿ ಬೈದ್ರು, ಅದನ್ನ ಇಲ್ಲಿ ಹಾಕಲ್ಲ. ಅಪ್ಪ ಬೈಲಿಲ್ಲ. "ಸುಳ್ಳು ಹೇಳಿದ್ದು ಆಮೇಲೆ ನೋಡೋಣ. ಕಿವಿ ಹೋದ್ರೆ ವಾಪಸ್ ಬರಲ್ಲ ಕಣಮ್ಮ. ನಂದು ಹಿಂಗೇ ಶುರುವಾಗಿದ್ದು" ಅಂದ್ರು. ಅಷ್ಟು ದಿನ ಅಪ್ಪನಿಗೆ ಕಿವಿ ಮಂದ ಅಂದ್ರೆ ಅದು ಅಪ್ಪನ ಸ್ವಭಾವ ಅನ್ನೋ ತರ ಇದ್ದೆ ನಾನು. ಅದು ಕೆಲಸದಿಂದ ಬಂದ ಗಾಯ ಅಂತ ಅವತ್ತು ಗೊತ್ತಾಯ್ತು.

ಎರಡು ದಿನಕ್ಕೆ ನನ್ನ "ಈಈಈ" ನಿಂತಿತು. ಅಪ್ಪನದು ನಿಂತಿಲ್ಲ. ರಾತ್ರಿ ಮಲಗಿದಾಗಲೂ ಮಗ್ಗ ಓಡ್ತಾ ಇರುತ್ತೆ ಅಂತಾರೆ.

6/7
ಮುಂದಿನ ಭಾನುವಾರ ಅಪ್ಪನ ಜೊತೆ ಶೆಡ್ಡಿಗೆ ಹೋದೆ. ಟಕ್ ಟಕಾ, ಟಕ್ ಟಕಾ. ಬಾಗಿಲಲ್ಲೇ ನಿಂತುಬಿಟ್ಟೆ. ಆ ಕತ್ತಲೆ ರೂಮಲ್ಲಿ ನನಗೆ ಗೊತ್ತಿತ್ತು ಅನ್ನಿಸಿದ ಲೆಕ್ಕ ಇದೇ. ಹಾಸಿನ ನಡುವೆ ಲಾಳಿ ಈ ಕಡೆಯಿಂದ ಆ ಕಡೆ ಹೊಕ್ಕು ಎಳ್ಕೊಂಡು ಹೋಗಿ ಪೆಟ್ಟಿಗೆಗೆ ಬಡಿಯೋ ಸದ್ದು. ಮೇಲೆ ಜಕಾರ್ಡು. ಒಂದು ಶೆಡ್ಡಲ್ಲಿ ಹನ್ನೆರಡು ಮಗ್ಗ, ಒಂದೂ ಇನ್ನೊಂದರ ಜೊತೆ ತಾಳ ಹಾಕಲ್ಲ. ರುಸ್ಸೊಲೊ ದೊಡ್ಡಬಳ್ಳಾಪುರಕ್ಕೆ ಬಂದಿದ್ರೆ ವಾಪಸ್ ಹೋಗ್ತಿರಲಿಲ್ಲ.

ಫೋನಲ್ಲಿ ಸದ್ದು ಅಳೆಯೋ ಆಪ್ ಹಾಕಿ ನೋಡಿದೆ. 94, 95, 96. ಫೋನು ಪಕ್ಕಾ ಅಳತೆ ಅಲ್ಲ, ಅಂದಾಜು ಅಷ್ಟೇ. ಆದ್ರೂ ಲೆಕ್ಕ ಹಾಕಿ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡೋ ಸರ್ಕಾರಿ ಸಂಸ್ಥೆ ಎನ್‌ಐಓಎಸ್‌ಎಚ್ ಹೇಳೋದು: 85 ಡೆಸಿಬಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಆಮೇಲೆ ಪ್ರತಿ 3 ಡೆಸಿಬಲ್ ಏರಿದಾಗ ಟೈಮು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100ಕ್ಕೆ ಬರೀ 15 ನಿಮಿಷ. ಅಪ್ಪ ದಿನಕ್ಕೆ ಹತ್ತು ಗಂಟೆ ನಿಲ್ತಾರೆ.

ಮುನ್ನೂರು ರೂಪಾಯಿ ಕೊಟ್ಟು ಎರಡು ಗಂಟೆ ಗದ್ದಲ ಕೇಳೋ ನನಗೆ ಬಾಗಿಲಲ್ಲೇ ಸ್ಪಂಜು ಫ್ರೀ. ಹತ್ತು ಗಂಟೆ ಗದ್ದಲದಲ್ಲಿ ಸೀರೆ ನೇಯೋ ಅಪ್ಪನಿಗೆ 22 ವರ್ಷದಲ್ಲಿ ಯಾರೂ ಒಂದು ಸ್ಪಂಜು ಕೊಟ್ಟಿರಲಿಲ್ಲ. ಇದನ್ನ ಟೈಪ್ ಮಾಡುವಾಗ ಈಗಲೂ ಹೊಟ್ಟೆ ಉರಿಯುತ್ತೆ.

ಅವತ್ತು ಒಂದು ಮಗ್ಗದ ಮರಕ್ಕೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿ ರೆಕಾರ್ಡ್ ಮಾಡ್ಕೊಂಡೆ. ಅದೊಂದು ನಾಣ್ಯದ ಸೈಜಿನ ಬಿಲ್ಲೆ. ಗಾಳಿಯಲ್ಲಿ ಬರೋ ಸದ್ದಲ್ಲ, ವಸ್ತುವಿನ ಒಳಗಿನ ನಡುಕ ಹಿಡಿಯುತ್ತೆ. ಕೆಲವು ತಿಂಗಳ ಮೇಲೆ, ಯಾರು ಬೇಕಾದ್ರೂ ಹತ್ತು ನಿಮಿಷ ನುಡಿಸಬಹುದಾದ ಒಂದು ಸಂಜೆ, ಅದನ್ನೇ ನಿಧಾನ ಮಾಡಿ, ಒಂದರ ಮೇಲೊಂದು ಹಾಕಿ ನುಡಿಸಿದೆ. ಕೈ ನಡುಗ್ತಾ ಇತ್ತು. ಹದಿನೈದು ಜನ ಇದ್ರು. ಈ ಸಲ ಮನೇಲಿ ಹೇಳಿಯೇ ಹೋಗಿದ್ದೆ.

ಅದರ ವಿಡಿಯೋ ಅಪ್ಪನಿಗೆ ಹೆಡ್‌ಫೋನಲ್ಲಿ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದ್ರು. ಚೆನ್ನಾಗಿದೆ ಅಂತಾರೇನೋ ಅಂತ ಕಾಯ್ತಾ ಇದ್ದೆ. "ಇದು ಮೂರನೇ ಮಗ್ಗ. ಬಲಗಡೆ ಪೆಟ್ಟಿಗೆಗೆ ಲಾಳಿ ತಡವಾಗಿ ಬೀಳ್ತಾ ಇದೆ. ಮೇಸ್ತ್ರಿಗೆ ಹೇಳ್ಬೇಕು" ಅಂದ್ರು.

ನನಗೆ ಸಿಕ್ಕ ರಿವ್ಯೂಗಳಲ್ಲಿ ಇದಕ್ಕಿಂತ ಒಳ್ಳೇದು ಇನ್ನೂ ಬಂದಿಲ್ಲ.

7/7
ಈಗ ಎಲ್ಲಿಗೆ ಬಂತು ಅಂದ್ರೆ:

ಶೋಗಳಿಂದ ಹಳದಿ ಸ್ಪಂಜು ತರ್ತಾ ಇದ್ದೆ, ಆಮೇಲೆ ಮೆಡಿಕಲ್ ಸ್ಟೋರಲ್ಲಿ ಕೊಂಡು ತಂದೆ. ಮೊದಲು ಅಪ್ಪ ಒಪ್ಪಲಿಲ್ಲ. "ಎಳೆ ಕಿತ್ರೆ ಕಿವಿಗೇ ಗೊತ್ತಾಗೋದು, ಕಣ್ಣಿಗಲ್ಲ. ಕಿವಿ ಮುಚ್ಕೊಂಡ್ರೆ ಮಗ್ಗ ಓಡಿಸೋದು ಹೆಂಗೆ?" ಅಂದ್ರು. ಅದೂ ಸುಳ್ಳಲ್ಲ. ಜೊತೆಯವರು "ಏನಣ್ಣ, ಮಗಳು ಹತ್ತಿ ಕೊಟ್ಟವ್ಳಾ" ಅಂತ ನಕ್ರಂತೆ. ಈಗ ಎಡಗಿವಿಗೆ ಮಾತ್ರ ಹಾಕ್ಕೊಳ್ತಾರೆ. "ಬಲಗಿವಿ ಮಗ್ಗಕ್ಕೆ, ಎಡಗಿವಿ ನಿಮ್ಮಮ್ಮನಿಗೆ" ಅಂತಾರೆ. ಎರಡಕ್ಕೂ ಹಾಕ್ಕೊಳ್ಳಿ, ಹಾಕಿದ್ರೂ ಮಗ್ಗದ ಸದ್ದು ಕೇಳ್ಸುತ್ತೆ ಅಂತ ನಮ್ಮ ಜಗಳ ನಡೀತಾನೇ ಇದೆ. ಕಿವಿ ಪರೀಕ್ಷೆಗೆ ಕರ್ಕೊಂಡು ಹೋಗೋಕೆ ಮಾತ್ರ ಒಪ್ಪಿದ್ದಾರೆ. ತೇರು ಮುಗಿದ ಮೇಲೆ ಅಂತೆ.

ನೀವು ಶೋಗೆ ಬರೋದಾದ್ರೆ ನನ್ನ ಮಾತು ಇಷ್ಟು. ಸ್ಪೀಕರ್ ಪಕ್ಕ ಕೂರಬೇಡಿ. ಸ್ಪಂಜನ್ನ ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಲ್ಲಿ ಕಿವಿ ಮೇಲಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬೋವರೆಗೂ ಹಿಡ್ಕೊಳ್ಳಿ. ಮಧ್ಯೆ ಮಧ್ಯೆ ಎದ್ದು ಹೊರಗೆ ಹೋಗಿ ಕಿವಿಗೆ ರೆಸ್ಟ್ ಕೊಡಿ. ಮಾರನೇ ದಿನವೂ ಕಿವಿ ಗುಂಯ್ ಅಂತಿದ್ರೆ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ಕಿವಿಯೊಳಗಿನ ಕೂದಲಿನಂಥ ಕಣ ಒಂದ್ಸಲ ಸತ್ರೆ ಮತ್ತೆ ಹುಟ್ಟಲ್ಲ. ವಾಪಸ್ ಬರೋ ಬಸ್ಸು, ಉಳಿಯೋ ಜಾಗ ಮೊದಲೇ ನೋಡ್ಕೊಳ್ಳಿ. ಮನೇಲಿ ಹೇಳಿ ಹೋಗಿ. ಹೇಳೋಕೆ ಆಗದ ಮನೆಗಳೂ ಇವೆ ಅಂತ ಗೊತ್ತು, ಹಾಗಿದ್ರೆ ಒಬ್ಬರಿಗಾದ್ರೂ ಗೊತ್ತಿರಲಿ.

ಮೊದಲ ಹತ್ತು ನಿಮಿಷಕ್ಕೆ ಎದ್ದು ಬರಬೇಡಿ. ಆಮೇಲೂ ಹಿಡಿಸದಿದ್ರೆ ಬನ್ನಿ, ತಪ್ಪೇನಿಲ್ಲ.

ಒಂದು ಕೇಳ್ತೀನಿ. ನಿಮ್ಮ ಮನೇಲಿ ಯಾರು ಸದ್ದಲ್ಲಿ ಕೆಲಸ ಮಾಡ್ತಾರೆ? ಮಗ್ಗ, ಹಿಟ್ಟಿನ ಗಿರಣಿ, ಲೇತು, ಕಲ್ಲು ಕ್ರಷರ್ರು, ಬಸ್ಸಿನ ಇಂಜಿನ್ ಪಕ್ಕದ ಸೀಟು? ಅವರಿಗೆ ಎಷ್ಟು ಕೇಳ್ಸುತ್ತೆ ಅಂತ ಇವತ್ತು ಹಿಂದೆ ನಿಂತು ಮೆಲ್ಲಗೆ ಕರೆದು ನೋಡಿ. ತಿರುಗದಿದ್ರೆ ಕಾಮೆಂಟಲ್ಲಿ ಬರೀರಿ. ನನ್ನ ಹತ್ರ ಒಂದು ಡಬ್ಬಿ ಸ್ಪಂಜು ಇದೆ, ಸೋಮವಾರ ಕ್ಲಾಸಿಗೆ ತರ್ತೀನಿ.

#ಘಾಟಿ #ದೊಡ್ಡಬಳ್ಳಾಪುರ #ಮಗ್ಗದಸದ್ದು #ಬೆಂಗಳೂರುಅಂಡರ್‌ಗ್ರೌಂಡ್