ರಕ್ತದ ಹೆಪ್ಪು ಮತ್ತು ಅರ್ಬುದ ರೋಗ

ಹರಿಯುವ ರಕ್ತವು ಗಾಯದ ಬಾಯಲ್ಲಿ ತಾನಾಗಿಯೇ ಹೆಪ್ಪುಗಟ್ಟದಿದ್ದರೆ ಅಲ್ಪ ಗಾಯವೂ ಪ್ರಾಣಕ್ಕೆ ಎರವಾಗುತ್ತಿತ್ತು. ಜೀವವನ್ನು ಕಾಯುವ ಈ ಗುಣವನ್ನೇ ಅರ್ಬುದ, ಅಂದರೆ ಕ್ಯಾನ್ಸರ್, ತನ್ನ ಸಂಚಾರಕ್ಕೆ ಬಳಸಿಕೊಳ್ಳುವುದೆಂದು ಓದಿದಂದಿನಿಂದ ನಮ್ಮ ಮನಸ್ಸು ಅದನ್ನೇ ಮೆಲುಕು ಹಾಕುತ್ತಿದೆ.

ಈ ನಂಟನ್ನು ಸ್ಪಷ್ಟವಾಗಿ ಸಾರಿದವರು ಪ್ಯಾರಿಸ್ಸಿನ ವೈದ್ಯ ಅರ್ಮಾಂ ತ್ರೂಸೋ. ಕಾರಣ ಕಾಣದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಕಾಲು ಬಾತುಕೊಂಡವರ ಒಡಲಿನಲ್ಲಿ ಅರ್ಬುದ ಅಡಗಿರಬಹುದೆಂದು ಅವರು 1865ರಲ್ಲಿ ಬೋಧಿಸಿದರು. 1867ರ ಜನವರಿಯಲ್ಲಿ ಆ ಚಿಹ್ನೆ ಅವರ ತೋಳಿನಲ್ಲಿಯೇ ಕಾಣಿಸಿತು. ಅದರ ಅರ್ಥವನ್ನು ಅವರು ತಮ್ಮ ಶಿಷ್ಯನಿಗೆ ತಾವೇ ತಿಳಿಸಿದರು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಜಠರದ ಅರ್ಬುದದಿಂದ ತೀರಿಕೊಂಡರು. ತಮ್ಮ ವಿದ್ಯೆಯೇ ತಮ್ಮ ಮರಣವನ್ನು ನುಡಿದಾಗ ಮುಖ ತಿರುಗಿಸದ ಆ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ.

ಇದು ನಡೆಯುವ ಬಗೆ ಹೀಗೆ. ರಕ್ತನಾಳದ ಹೊರಗಿನ ಜೀವಕೋಶಗಳ ಮೇಲೆ ‘ಟಿಶ್ಯೂ ಫ್ಯಾಕ್ಟರ್’ ಎಂಬ ವಸ್ತುವಿದೆ. ಸಾಮಾನ್ಯವಾಗಿ ಗಾಯವಾದಾಗ ಮಾತ್ರ ರಕ್ತಕ್ಕೆ ಅದರ ಸ್ಪರ್ಶವಾಗಿ, ಥ್ರಾಂಬಿನ್ ಹುಟ್ಟಿ, ಫೈಬ್ರಿನ್ ಎಂಬ ಎಳೆಗಳ ಬಲೆ ನೇಯಲ್ಪಡುತ್ತದೆ. ಅನೇಕ ಅರ್ಬುದ ಕೋಶಗಳು ಈ ವಸ್ತುವನ್ನು ಮೈಮೇಲೆ ಹೊತ್ತೇ ರಕ್ತಕ್ಕಿಳಿಯುತ್ತವೆ. ಹಾಗೆ ಇಳಿದವುಗಳಲ್ಲಿ ಬಹುಪಾಲು ಅಲ್ಲಿಯೇ ಸಾಯುತ್ತವೆ. ಆದರೆ ರಕ್ತದ ಪ್ಲೇಟ್‌ಲೆಟ್ಟುಗಳೂ ಫೈಬ್ರಿನ್ ಎಳೆಗಳೂ ಸುತ್ತುಗಟ್ಟಿದ ಕೋಶವನ್ನು ದೇಹದ ರಕ್ಷಕ ಕೋಶಗಳು ಕೊಲ್ಲುವುದು ಕಷ್ಟ. ಊರವರ ಕಂಬಳಿಯನ್ನೇ ಹೊದ್ದು ನಡೆಯುವ ಕಳ್ಳನನ್ನು ತಳವಾರ ಹೇಗೆ ತಡೆದಾನು! ಆ ಮರೆಯಲ್ಲಿ ಕೋಶವು ನಾಳದ ಗೋಡೆಗೆ ಅಂಟಿ, ಹೊರನುಸುಳಿ, ಬೇರೊಂದು ಅಂಗದಲ್ಲಿ ನೆಲೆಯೂರಬಲ್ಲದು. ಇಲಿಗಳಲ್ಲಿ ಪ್ಲೇಟ್‌ಲೆಟ್ಟುಗಳನ್ನು ಕಡಿಮೆ ಮಾಡಿದಾಗ ಅರ್ಬುದ ಹರಡುವುದೂ ಕಡಿಮೆಯಾಯಿತೆಂದು 1968ರಲ್ಲಿಯೇ ವರದಿಯಾಗಿದೆ.

ಹಾಗಾದರೆ ಹೆಪ್ಪು ತಡೆಯುವ ಔಷಧಿಯಿಂದ ಅರ್ಬುದವನ್ನೂ ತಡೆಯಬಹುದಲ್ಲವೇ ಎಂದು ನಮ್ಮ ಮಠದ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದರು. ಪ್ರಶ್ನೆ ಯುಕ್ತವೇ, ಆದರೆ ಇಲಿಗೆ ಒಪ್ಪಿದ್ದು ಮನುಷ್ಯನಿಗೆ ಒಪ್ಪಲಿಲ್ಲ. ಶ್ವಾಸಕೋಶದ ಅರ್ಬುದವಿದ್ದವರಿಗೆ ಹೆಪಾರಿನ್ ವರ್ಗದ ಔಷಧಿ ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಯಲ್ಲಿ ಹೆಪ್ಪು ಕಡಿಮೆಯಾಯಿತು, ರಕ್ತಸ್ರಾವ ಹೆಚ್ಚಿತು, ಆಯುಸ್ಸು ಮಾತ್ರ ಹೆಚ್ಚಲಿಲ್ಲ. ಆದಕಾರಣ ಯಾರೂ ಸ್ವಂತ ಬುದ್ಧಿಯಿಂದ ಇಂಥ ಔಷಧಿ ಸೇವಿಸಲಾಗದು. ಹೆಪ್ಪು ಕಟ್ಟಿದವರಿಗಾದರೋ ಅದೇ ಔಷಧಿ ಪ್ರಾಣರಕ್ಷಕ.

ಇದನ್ನೆಲ್ಲ ಬರೆಯಲು ಒಂದು ಕಾರಣವುಂಟು. ಅರ್ಬುದಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಹಿರಿಯ ಭಕ್ತರೊಬ್ಬರ ಒಂದು ಕಾಲು ಬಾತಿತ್ತು. ಮನೆಯವರು ಭಕ್ತಿಯಿಂದಲೇ ಹರಳೆಣ್ಣೆ ಕಾಯಿಸಿ ತಿಕ್ಕುತ್ತಿದ್ದರು. ನಾವು ಅದನ್ನು ಬಿಡಿಸಿ ಅಂದೇ ಆಸ್ಪತ್ರೆಗೆ ಕಳುಹಿಸಿದೆವು. ತೊಡೆಯ ನಾಳದಲ್ಲಿ ಹೆಪ್ಪಿತ್ತು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಬಾತ ಕಾಲೆಲ್ಲ ಅರ್ಬುದವಲ್ಲ, ಭಯ ಬೇಡ. ಆದರೆ ಅರ್ಬುದವಿದ್ದವರ ಒಂದೇ ಕಾಲು ಅಥವಾ ತೋಳು ಬಾತರೆ, ನೋವಾದರೆ, ತಿಕ್ಕದೆ ಅಂದೇ ವೈದ್ಯರಿಗೆ ತೋರಿಸಬೇಕು. ಹಠಾತ್ತನೆ ಉಸಿರು ಕಟ್ಟಿದರೆ ಬೆಳಗಾಗುವವರೆಗೂ ಕಾಯಬಾರದು.