ಕಲ್ಮಲದ ಕವಲುದಾರಿ

ರಾಯಚೂರಿನಿಂದ ಪಶ್ಚಿಮಕ್ಕೆ ಹೊರಟ ರಸ್ತೆ ಕಲ್ಮಲದಲ್ಲಿ ಕವಲೊಡೆಯುತ್ತದೆ. ಒಂದು ಹಾದಿ ಗಬ್ಬೂರಿನ ಮೇಲಿಂದ ದೇವದುರ್ಗಕ್ಕೆ, ಇನ್ನೊಂದು ಮಾನ್ವಿಗೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ; ನಡುವೆ ಕಣ್ಣು ಹರಿದಷ್ಟೂ ಬಯಲು. ನೋಟಕ್ಕಾಗಿ ಬಂದ ಪ್ರವಾಸಿ ಇಲ್ಲಿ ಇಳಿಯಲಾರ. ಆದರೆ ದಾಸಸಾಹಿತ್ಯದ ಪರಿಚಯವುಳ್ಳವನಿಗೆ ಈ ಎರಡು ಹಾದಿಗಳೂ ಒಂದೇ ಮನೆತನದ ಎರಡು ಬಾಗಿಲುಗಳಂತೆ ತೋರುತ್ತವೆ.

ದೇವದುರ್ಗದ ಸೀಮೆಯ ಮೊಸರಕಲ್ಲು ಗೋಪಾಲದಾಸರ ಹುಟ್ಟೂರು. ಮಾನ್ವಿಯ ಸೀಮೆಯ ಚೀಕಲಪರ್ವಿ ವಿಜಯದಾಸರದು, ಬ್ಯಾಗವಟ ಜಗನ್ನಾಥದಾಸರದು. ಪಾಂಡಿತ್ಯದ ಗರ್ವದಿಂದ ವಿಜಯದಾಸರನ್ನು ಕಡೆಗಣಿಸಿದ ಶ್ರೀನಿವಾಸಾಚಾರ್ಯರು ಉದರಶೂಲೆಗೆ ತುತ್ತಾದರೆಂದೂ, ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ, ಆಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ವನ್ನು ರಚಿಸಿದರೆಂದೂ ಐತಿಹ್ಯ. ಚರಿತ್ರಕಾರರು ಇದನ್ನು ಒಪ್ಪದಿರಬಹುದು. ಆದರೂ ಜನರ ನೆನಪು ಈ ಕಥೆಯನ್ನು ಬಿಟ್ಟುಕೊಟ್ಟಿಲ್ಲ. ಒಬ್ಬನ ಬಾಳು ಮತ್ತೊಬ್ಬನ ಕಾವ್ಯವಾಗಿ ಮುಂದುವರಿಯಬಲ್ಲದೆಂಬ ನಂಬಿಕೆ ಅದರಲ್ಲಿದೆ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ: ಈ ಅಂಕಿತಗಳೂ ಅದನ್ನೇ ಹೇಳುತ್ತವೆ. ಹಾಡು ಮುಗಿಯುವಲ್ಲಿ ಕವಿ ತನ್ನ ಗುರುತನ್ನು ಹೇಳುತ್ತಾನೆ. ಆ ಗುರುತು ಅವನೊಬ್ಬನದೇ ಅಲ್ಲ.

ಈ ನೆನಪು ಒಂದು ಪಂಥದ ಸೊತ್ತಾಗಿ ಉಳಿಯಲಿಲ್ಲ. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ಸೀಮೆ. ಕಚೇರಿಯ ಭಾಷೆ ಉರ್ದು, ಉನ್ನತ ವಿದ್ಯಾಭ್ಯಾಸದ ಭಾಷೆಯೂ ಉರ್ದು. ಆಗ ಬೀಸುವ ಕಲ್ಲಿನ ಪದ, ಭಜನೆಯ ಕೀರ್ತನೆ, ಏಕತಾರಿಯ ತತ್ತ್ವಪದ ಇವುಗಳೇ ಕನ್ನಡದ ಶಾಲೆಗಳಾದವು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನೆರೆಯಿತು. 1956ರ ನವೆಂಬರ್ 1ರಂದು ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಸರಕಾರದ ಆಜ್ಞೆ ಗಡಿಯನ್ನು ಬದಲಿಸಿತು. ಕನ್ನಡತನವನ್ನು ಅದು ಕೊಡಬೇಕಾಗಿರಲಿಲ್ಲ.

ಹಾಗೆಂದು ನೆನಪು ಬರಿಯ ಬೇಲಿಯೂ ಅಲ್ಲ. ಇದೇ ಜಿಲ್ಲೆಯ ಹೆಂಬೆರಾಳದ ಶಾಂತರಸರು ಉರ್ದುವಿನ ಗಜಲನ್ನು ಕನ್ನಡದಲ್ಲಿ ಬೆಳೆಸಿದರು. ಆಳುವವರ ಭಾಷೆಯಾಗಿ ಬಂದದ್ದು ಅವರ ಕೈಯಲ್ಲಿ ನೆರೆಮನೆಯ ನುಡಿಯಾಯಿತು.

ಕೀರ್ತನೆಗಳಿಗೆ ಈಗ ಅಚ್ಚಿನ ಆಸರೆಯಿದೆ. ಆದರೆ ಯಾವ ಅಜ್ಜಿ ಯಾವ ಧಾಟಿಯಲ್ಲಿ ಹಾಡಿದಳು, ಅವಳಿಗೆ ಕಲಿಸಿದವರಾರು ಎಂಬುದು ಅಚ್ಚಿಗೆ ಸಿಕ್ಕುವುದಿಲ್ಲ. ಕಲಿಯುವವರಿಲ್ಲದಿದ್ದರೆ ಅದು ಅವಳೊಡನೆಯೇ ಹೋಗುತ್ತದೆ. ಈ ಹಾದಿಯಲ್ಲಿ ಸಾಗುವ ವಾಚಕರು ಯಾವುದಾದರೊಂದು ಊರಿನ ಜಗುಲಿಯಲ್ಲಿ ಕುಳಿತು ಒಂದು ಹಾಡನ್ನು ಕೇಳಲಿ. ಅಂಕಿತ ಬರುವವರೆಗೂ ಏಳದಿರಲಿ.